ಪಾರ್ಸಿಬಾಗಾನ್ ಗಲ್ಲಿಯಿಂದ ವಿಯೆನ್ನಾಕ್ಕೆ

ತನ್ನ ಮನಸ್ಸೆಂಬ ಮನೆಗೆ ತಾನೇ ಯಜಮಾನನೆಂದು ಮನುಷ್ಯ ಬಗೆದಿರುವುದು ಬರಿಯ ಭ್ರಮೆ. ಅವನರಿಯದ ಬಯಕೆಗಳು ಆ ಮನೆಯ ನೆಲಮಾಳಿಗೆಯಲ್ಲಿ ಬೀಡುಬಿಟ್ಟಿವೆ. ಸಿಗ್ಮಂಡ್ ಫ್ರಾಯ್ಡನ ವಾದದ ತಿರುಳನ್ನು ಹೀಗೆ ಸಂಗ್ರಹಿಸಬಹುದು. ಅದುಮಿಟ್ಟ ಇಚ್ಛೆ ಅಳಿಯುವುದಿಲ್ಲ. ಕನಸಾಗಿ, ಬಾಯ್ತಪ್ಪಿ ಬಂದ ಮಾತಾಗಿ, ಕಾರಣ ಕಾಣದ ಕಾಯಿಲೆಯಾಗಿ ವೇಷ ಮರೆಸಿಕೊಂಡು ಮೇಲೇಳುತ್ತದೆ. ಈ ವಿಚಾರ ಯೂರೋಪಿನಲ್ಲಿ ಎಬ್ಬಿಸಿದ ಕೋಲಾಹಲವನ್ನು ನಾವು ಓದಿ ಬಲ್ಲೆವು. ಅದು ನಮ್ಮ ದೇಶವನ್ನು ಪ್ರವೇಶಿಸಿದಾಗ ನಡೆದ ಸಂವಾದ ಮಾತ್ರ ಅಷ್ಟಾಗಿ ಪರಿಚಿತವಲ್ಲ.

ಆ ಸಂವಾದದ ನಾಯಕರು ಕಲ್ಕತ್ತೆಯ ವೈದ್ಯ ಗಿರೀಂದ್ರಶೇಖರ ಬೋಸರು (1887–1953). ಬಂಗಾಳಿಯ ಪ್ರಸಿದ್ಧ ಹಾಸ್ಯಲೇಖಕ 'ಪರಶುರಾಮ', ಅಂದರೆ ರಾಜಶೇಖರ ಬೋಸರು, ಇವರ ಅಣ್ಣ. ಗಿರೀಂದ್ರಶೇಖರರು ವಿಯೆನ್ನಾಕ್ಕೆ ಹೋಗಿ ಶಿಷ್ಯವೃತ್ತಿ ಮಾಡಿದವರಲ್ಲ. ಸಂಮೋಹನ ವಿದ್ಯೆಯ ಮೂಲಕ ರೋಗಿಗಳಿಗೆ ಚಿಕಿತ್ಸೆ ಮಾಡುತ್ತಲೇ ಮನಸ್ಸಿನ ಆಳವನ್ನು ಅರಸಿದವರು. 'ದಮನ'ವನ್ನು ಕುರಿತ ಅವರ ಇಂಗ್ಲಿಷ್ ಪ್ರಬಂಧ 1921ರಲ್ಲಿ ಪ್ರಕಟವಾಯಿತು. ಅದನ್ನು ಪಡೆದ ಫ್ರಾಯ್ಡ್, ಅಷ್ಟು ದೂರದ ನಾಡಿನಲ್ಲಿ ತನ್ನ ಶಾಸ್ತ್ರಕ್ಕೆ ದೊರೆತ ಆಸ್ಥೆಯನ್ನು ಕಂಡು ಅಚ್ಚರಿಯಿಂದ ಉತ್ತರ ಬರೆದ. ಆರಂಭವಾದ ಪತ್ರವ್ಯವಹಾರ 1937ರವರೆಗೆ ನಡೆಯಿತು. ಇಬ್ಬರೂ ಒಮ್ಮೆಯೂ ಮುಖತಃ ಭೇಟಿಯಾಗಲಿಲ್ಲ. ಕಾಣದ ಫ್ರಾಯ್ಡನನ್ನು ಕಲಾವಿದ ಯತೀಂದ್ರಕುಮಾರ ಸೇನರು ಊಹೆಯಿಂದಲೇ ಚಿತ್ರಿಸಿದರು. ಚಿತ್ರ ತನಗಿಂತ ಬಹಳ ಚೆನ್ನಾಗಿದೆಯೆಂದು ಆತ ವಿನೋದವಾಗಿ ಬರೆದ.

1922ರಲ್ಲಿ, ಪಾರ್ಸಿಬಾಗಾನ್ ಗಲ್ಲಿಯ ಬೋಸರ ಮನೆಯಲ್ಲಿ, ಭಾರತೀಯ ಮನೋವಿಶ್ಲೇಷಣ ಸಂಘ ಹುಟ್ಟಿತು. ಅದರ ಸದಸ್ಯರಲ್ಲಿ ರಾಂಚಿಯ ಮಾನಸಿಕ ಚಿಕಿತ್ಸಾಲಯದ ಆಂಗ್ಲ ಅಧಿಕಾರಿ ಓವೆನ್ ಬರ್ಕ್ಲಿ-ಹಿಲ್ ಒಬ್ಬ. ಈತ 1921ರ ತನ್ನ ಲೇಖನವೊಂದರಲ್ಲಿ ಹಿಂದೂಗಳ ಧರ್ಮವನ್ನೂ ಸ್ವಭಾವವನ್ನೂ ಶೈಶವದ ಮಲವಿಸರ್ಜನೆಗೆ ಸಂಬಂಧಿಸಿದ ವಾಸನೆಗಳಿಂದ ವಿವರಿಸಲು ಹೊರಟಿದ್ದ. ಆಳುವವನ ಕೈಗೆ ಸಿಕ್ಕ ಶಾಸ್ತ್ರ ಆಳಿಸಿಕೊಳ್ಳುವವರನ್ನು ಇಡಿಯಾಗಿ ರೋಗಿಗಳನ್ನಾಗಿ ಮಾಡಬಲ್ಲದು! ಇಂಥ ಸನ್ನಿವೇಶದಲ್ಲಿ ಭಾರತೀಯನಿಗೆ ಸುಲಭವಾದ ದಾರಿಗಳು ಎರಡಿದ್ದುವು: ಪರಕೀಯವೆಂದು ಆ ಶಾಸ್ತ್ರವನ್ನೇ ತಳ್ಳಿಬಿಡುವುದು, ಇಲ್ಲವೆ ಗುರುವಾಕ್ಯವೆಂದು ತಲೆಬಾಗುವುದು. ಬೋಸರು ಎರಡನ್ನೂ ಹಿಡಿಯಲಿಲ್ಲ.

ಒಂದು ಬಯಕೆ ಎಚ್ಚರದ ಮನಸ್ಸಿನಲ್ಲಿ ಮೂಡಿದಾಗ ಅದರ ವಿರುದ್ಧವಾದ ಬಯಕೆ ಸುಪ್ತಮನಸ್ಸಿನಲ್ಲಿ ಅಡಗಿರುತ್ತದೆಂಬುದು ಅವರ ಸ್ವಂತ ಸಿದ್ಧಾಂತ. ಹೊಡೆಯಬೇಕೆಂಬ ಇಚ್ಛೆಯ ಬೆನ್ನಿಗೆ ಹೊಡೆಸಿಕೊಳ್ಳಬೇಕೆಂಬ ಇಚ್ಛೆ ಇರುತ್ತದೆ. ದಮನಕ್ಕೆ ಮೂಲ ಈ ಘರ್ಷಣೆಯೇ. ಅಷ್ಟೇ ಅಲ್ಲ, ತಂದೆ ಲಿಂಗಚ್ಛೇದ ಮಾಡಿಯಾನೆಂಬ ಭಯಕ್ಕೆ ಫ್ರಾಯ್ಡ್ ಕೊಟ್ಟಷ್ಟು ಪ್ರಾಧಾನ್ಯ ಭಾರತೀಯ ರೋಗಿಗಳಲ್ಲಿ ಕಾಣುವುದಿಲ್ಲ, ಸ್ತ್ರೀಯಾಗಬೇಕೆಂಬ ಬಯಕೆ ಇಲ್ಲಿಯ ಪುರುಷರಲ್ಲಿ ಹೆಚ್ಚು ಸುಲಭವಾಗಿ ಹೊರಬೀಳುತ್ತದೆ ಎಂದು 1929ರಲ್ಲಿ ಆ ಆಚಾರ್ಯನಿಗೇ ನೇರವಾಗಿ ಬರೆದರು. ಫ್ರಾಯ್ಡ್ ಮಣಿಯಲಿಲ್ಲ, ಆದರೆ ಆ ಭೇದ ತನ್ನ ಗಮನವನ್ನು ಸೆಳೆದಿದೆಯೆಂದು ಒಪ್ಪಿದ.

1931ರಲ್ಲಿ, ಫ್ರಾಯ್ಡನ ಎಪ್ಪತ್ತೈದನೆಯ ವರ್ಷದ ಕಾಣಿಕೆಯಾಗಿ, ಕಲ್ಕತ್ತೆಯ ಸಂಘ ದಂತದ ವಿಷ್ಣುವಿಗ್ರಹವೊಂದನ್ನು ಕಳುಹಿಸಿತು. ಯಾವ ದೇವರನ್ನೂ ನಂಬದ ಆತ ಅದಕ್ಕೆ ತನ್ನ ಬರೆಯುವ ಮೇಜಿನ ಮೇಲೆ ಸ್ಥಾನ ಕೊಟ್ಟ. 1938ರಲ್ಲಿ ನಾಜಿಗಳ ದೆಸೆಯಿಂದ ವಿಯೆನ್ನಾ ತೊರೆದು ಆತ ಲಂಡನ್ ಸೇರಿದಾಗ ವಿಗ್ರಹವೂ ಅಲ್ಲಿಗೆ ಹೋಯಿತು. ಅಲ್ಲಿಯ ಫ್ರಾಯ್ಡ್ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಇತ್ತ ಬೋಸರ ಸಂಘ 1940ರಲ್ಲಿ ಕಲ್ಕತ್ತೆಯಲ್ಲಿ ಲುಂಬಿನಿ ಪಾರ್ಕ್ ಮಾನಸಿಕ ಚಿಕಿತ್ಸಾಲಯವನ್ನು ತೆರೆಯಿತು.

ಬೋಸರ ಸಿದ್ಧಾಂತ ನಿಲ್ಲುವುದೋ ಬೀಳುವುದೋ ಅದು ಶಾಸ್ತ್ರಜ್ಞರ ವಿಷಯ. ನಮ್ಮ ಸಾಹಿತ್ಯವಿಮರ್ಶೆಗೆ ಇಲ್ಲೊಂದು ಪಾಠವಿದೆ. ಈಡಿಪಸ್ ಕಾಂಪ್ಲೆಕ್ಸನ್ನು ಎರವಲು ತಂದು ನಮ್ಮ ಪುರಾಣಗಳಿಗೂ ಕಾದಂಬರಿಗಳಿಗೂ ತೊಡಿಸುವ ಮೊದಲು, ಅಳತೆ ಸರಿಯಾಗಿದೆಯೇ ಎಂದು ನೋಡಬೇಕು. ಅನುಭವ ಸಿದ್ಧಾಂತಕ್ಕೆ ಹೊಂದದಿದ್ದರೆ ಅನುಭವವನ್ನು ಕತ್ತರಿಸಲಾಗದು. ಗುರುವಿಗೆ ಕಾಣಿಕೆಯನ್ನೂ ಭಿನ್ನಾಭಿಪ್ರಾಯವನ್ನೂ ಒಂದೇ ವಿಳಾಸಕ್ಕೆ ಕಳುಹಿಸಿದ ಬೋಸರು ಬೇಡಿದ್ದೂ ಇಷ್ಟನ್ನೇ.