21 ದಿನದ ಸೂಜಿ, ಮೈಸೂರಿನ ಎಕೋ

ನಂಜನಗೂಡು ತಾಲ್ಲೂಕಿನ ನಮ್ಮ ಹುಲ್ಲಹಳ್ಳಿಯವರು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ, ಎಂಬ ಮಾತು ಕೇಳುವ ಎಷ್ಟೋ ಮೊದಲೇ, ಅದು ತೋರಿಸಬೇಕಾದ ಕಾಯಿಲೆ ನಮ್ಮಲ್ಲಿ ಮನೆ ಮಾಡಿತ್ತು. ಗಂಟಲು ನೋವು ಬಂದು ಹೋದ ಮಕ್ಕಳಿಗೆ ಕೆಲವು ವಾರದ ಮೇಲೆ ಜ್ವರ, ಕೀಲುಬಾವು. ಕೀಲು ಇಳಿಯುತ್ತಿತ್ತು, ಹೃದಯದ ಮೈಟ್ರಲ್ ಕವಾಟ ಮಾತ್ರ ವರ್ಷಗಟ್ಟಲೆ ದಪ್ಪಗಾಗಿ, ಅಂಚು ಅಂಟಿಕೊಂಡು ಕಿರಿದಾಗುತ್ತಿತ್ತು. ಕಪಿಲಾ ಹೊಳೆಯ ನಾಲೆ ಬಯಲಲ್ಲಿ ನಾಟಿ ಹಾಕುವ ಹೆಂಗಸು ಮೂವತ್ತು ತುಂಬುವ ಮುಂಚೆಯೇ ಉಬ್ಬಸ ಪಡುತ್ತ ಬಂದರೆ, ನಾವು ನರ್ಸುಗಳು ಚಿಕ್ಕಂದಿನ ಕೀಲುಬಾವನ್ನೇ ಮೊದಲು ವಿಚಾರಿಸುತ್ತಿದ್ದೆವು. ಅಂಥವರಿಗೆ 21 ದಿನಕ್ಕೊಂದು ಪೆನಿಡ್ಯೂರ್ ಎಂಬ ಪೆನಿಸಿಲಿನ್ ಸೂಜಿ. ಬಿಳಿಯ ಗಟ್ಟಿ ಮದ್ದು, ದಪ್ಪ ಸೂಜಿ. ನನ್ನನ್ನು ಕಂಡರೆ ಓಡುವ ಮಕ್ಕಳು ಊರಲ್ಲಿ ಕಡಿಮೆಯಿರಲಿಲ್ಲ.

ರೋಗ ಗೊತ್ತಾಗುತ್ತಿದ್ದದ್ದು ಕಿವಿಯಿಂದ. ಮೈಸೂರಿನ ಹಳಬ ಡಾಕ್ಟರುಗಳು ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಉಸಿರು ಬಿಡಿಸಿ, ಸ್ಟೆತೊಸ್ಕೋಪಿನ ಗಂಟೆಯಿಟ್ಟು ಆ ಗುಡುಗುಡು ಸದ್ದು ಹಿಡಿಯುತ್ತಿದ್ದರು. ಆ ಕಿವಿ ಈಗಿನವರಿಗಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಕಿವಿಗೂ ಮೋಸವಿತ್ತು.

ಎಕೋ ಹುಟ್ಟಿದ್ದೂ ಇದೇ ಕವಾಟದ ಸಂಕಟದಿಂದ. ಸ್ವೀಡನ್ನಿನ ಲುಂಡ್ ಊರಿನ ಡಾಕ್ಟರ್ ಇಂಗೆ ಎಡ್ಲರ್ ಅವರಿಗೆ, ಯಾವ ಕವಾಟ ಬರೀ ಕಿರಿದಾಗಿದೆ, ಯಾವುದು ಸೋರುತ್ತಿದೆ ಎಂದು ಆಪರೇಷನ್ನಿಗೆ ಮೊದಲೇ ಹೇಳಬೇಕಿತ್ತು. ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್, ಮಾಲ್ಮೋ ಹಡಗುಕಟ್ಟೆಯಲ್ಲಿ ಅಲ್ಟ್ರಾಸೌಂಡಿನಿಂದ ಲೋಹದ ಬಿರುಕು ಹುಡುಕುವ ಯಂತ್ರವನ್ನು ತನ್ನ ಎದೆಗೇ ಹಿಡಿದು ನೋಡಿದರು. ಆಮೇಲೆ ಸೀಮೆನ್ಸ್ ಕಂಪನಿಯಿಂದ ಯಂತ್ರ ಎರವಲು ತಂದು 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿ ದಾಖಲಿಸಿದರು. ಪರದೆಯ ಮೇಲೆ ಕುಣಿಯುವ ಗೆರೆ ಯಾವ ಭಾಗದ್ದೆಂದು ಅವರಿಗೂ ಮೊದಲು ತಿಳಿಯಲಿಲ್ಲ. ಸಾಯುವ ಸ್ಥಿತಿಯ ರೋಗಿಗಳ ಎದೆಯ ಮೇಲೆ ಅಲ್ಟ್ರಾಸೌಂಡ್ ಕಿರಣ ಹೋದ ದಿಕ್ಕನ್ನು ಗುರುತು ಮಾಡಿಟ್ಟು, ಸತ್ತ ಮೇಲೆ ಅದೇ ದಾರಿಯಲ್ಲಿ ಮಂಜುಗಡ್ಡೆ ಒಡೆಯುವ ಮೊಳೆ ತೂರಿಸಿ ನೋಡಿದಾಗ, ಅದು ಮೈಟ್ರಲ್ ಕವಾಟದ ಎಸಳು ಎಂದು ಖಾತ್ರಿಯಾಯಿತು. ಆ ದೇಶದಲ್ಲಿ ಈಗ ಕೀಲುಜ್ವರದ ಹೃದ್ರೋಗ ಬಲು ಅಪರೂಪ.

ಕಿವಿಯ ಮೋಸ ಎಂದೆನಲ್ಲ. ಹೃದಯದ ಎಡ ಮೇಲ್ಕೋಣೆಯಲ್ಲಿ ಮಿಕ್ಸೋಮಾ ಎಂಬ ಗಡ್ಡೆ ಬೆಳೆದರೂ ಅದೇ ಸದ್ದು, ಅದೇ ಉಬ್ಬಸ, ಜ್ವರ, ಕೀಲುನೋವು. ಕಾಂಡಕ್ಕೆ ಜೋತುಬಿದ್ದ ಹಣ್ಣಿನ ಹಾಗೆ ಗಡ್ಡೆ ಮಿಡಿತಕ್ಕೊಮ್ಮೆ ಕವಾಟದ ಬಾಯಿಗೆ ಬಂದು ಅಡ್ಡ ನಿಲ್ಲುತ್ತದೆ. 1959ರಲ್ಲೇ ಜರ್ಮನಿಯ ಎಫರ್ಟ್ ಇದನ್ನು ಎಕೋದಲ್ಲಿ ಹಿಡಿದಿದ್ದರು. ನಮ್ಮ ಕಡೆಯ ಒಬ್ಬಾಕೆ ವರ್ಷಾನುಗಟ್ಟಲೆ ನನ್ನಿಂದ ಸೂಜಿ ಚುಚ್ಚಿಸಿಕೊಂಡಿದ್ದಳು. ಮೈಸೂರಿನಲ್ಲಿ ಎಕೋ ಮಾಡಿಸಿದ ದಿನ ಗಡ್ಡೆ ಕಂಡಿತು. ಆಪರೇಷನ್ ಮುಗಿಸಿಕೊಂಡು ಬಂದು, "ಸಿಸ್ಟ್ರೇ, ಇನ್ಮೇಲೆ ಸೂಜಿ ಬ್ಯಾಡ್ವಾ?" ಅಂದಳು. "ಬ್ಯಾಡ ಕಣವ್ವ, ಎಕೋಗೆ ಮಾತ್ರ ಹೋಗ್ತಿರ್ಬೇಕು" ಅಂದೆ. ಆ ಗಡ್ಡೆ ಮತ್ತೆ ಬರುವುದುಂಟು.

ಮೈಸೂರಿನ ಕೆ.ಆರ್. ಆಸ್ಪತ್ರೆ ಆವರಣದಲ್ಲಿ 2010ರಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಶುರುವಾಯಿತು, 2018ರಲ್ಲಿ ಕೆ.ಆರ್.ಎಸ್. ರಸ್ತೆಯ ದೊಡ್ಡ ಕಟ್ಟಡ. ಹೃದಯ ತೋರಿಸಲು ಬೆಂಗಳೂರಿಗೆ ರಾತ್ರಿ ಹೊರಡುತ್ತಿದ್ದವರಿಗೆ ನಂಜನಗೂಡಿನಲ್ಲಿ ಬಸ್ಸು ಬದಲಿಸಿ ಮೈಸೂರು ಸೇರಿದರೆ ಸಾಕಾಯಿತು. ಅಲ್ಲಿ ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸುವ ಮುಂಚೆ ಗಂಟಲೊಳಗೆ ಕೊಳವೆ ಇಳಿಸಿ ಎಕೋ ನೋಡುತ್ತಾರೆ. ಮೇಲ್ಕೋಣೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಬಲೂನಿನ ತಂತಿ ತಗುಲಿ ಅದು ಮಿದುಳಿಗೆ ಹಾರಿ ಲಕ್ವ ಹೊಡೆಯಬಹುದು. ಎದೆಯ ಮೇಲಿಂದ ಹಿಡಿದ ಎಕೋಗೆ ಆ ಮೂಲೆ ಸರಿಯಾಗಿ ಸಿಗುವುದಿಲ್ಲ.

ಎಕೋ ಕೋಣೆಯಲ್ಲೂ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಇರುತ್ತದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನು ಹೊಟ್ಟೆ ನೋಡುವ ಅಲ್ಟ್ರಾಸೌಂಡ್ ಯಂತ್ರ, ಎದೆ ನೋಡುವ ಯಂತ್ರ ಎಂದು ಭೇದ ಮಾಡುವುದಿಲ್ಲ. ಅದನ್ನು ಓದಿ ಗಂಡನ ಮುಖ ನೋಡಿ ನಕ್ಕ ಅಜ್ಜಿಯರುಂಟು.

2025ರ ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಹಠಾತ್ ಸಾವುಗಳ ಸುದ್ದಿ ಹಬ್ಬಿ ಮೈಸೂರಿನ ಜಯದೇವಕ್ಕೆ ಜನ ಮುಗಿಬಿದ್ದರು. ನಮ್ಮ ಬೀದಿಯ ಹುಡುಗರೂ ಎಕೋ ಮಾಡಿಸಲು ಹೊರಟರು. ಕವಾಟ, ಸ್ನಾಯು, ಗಡ್ಡೆ, ಹೆಪ್ಪು ಅದರಲ್ಲಿ ಕಾಣುತ್ತವೆ; ಹೃದಯದ ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ನೇರವಾಗಿ ನೋಡಲು ಆಂಜಿಯೊಗ್ರಾಮೇ ಬೇಕು ಎಂದು ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿದೆ. "ಸರಿ ಅಕ್ಕ" ಎಂದು ತಲೆಯಾಡಿಸಿ, ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದರು.