ಬಿಬಿಸಿ ಮೈಕ್ರೊ, ‘ಕ್ಲಾಸ್’ ಯೋಜನೆ ಮತ್ತು 32 ಅಕ್ಷರಗಳ ಮಿತಿ: ಒಂದು ಟಿಪ್ಪಣಿ

1. ವ್ಯಾಪ್ತಿ

ಭಾರತದ ಶಾಲೆಗಳಿಗೆ ಸರ್ಕಾರದ ಮೂಲಕ ದೊಡ್ಡ ಪ್ರಮಾಣದಲ್ಲಿ ಬಂದ ಮೊದಲ ಕಂಪ್ಯೂಟರ್ ಬಿಬಿಸಿ ಮೈಕ್ರೊ ಎಂಬುದನ್ನು ಸಾಮಾನ್ಯವಾಗಿ ಒಪ್ಪಲಾಗಿದೆ. ಅದು ಬಂದ ವರ್ಷ, ಬಂದ ಸಂಖ್ಯೆ, ತಂದ ಇಲಾಖೆಯ ಹೆಸರು ಮಾತ್ರ ಬರಹದಿಂದ ಬರಹಕ್ಕೆ ಬದಲಾಗುತ್ತವೆ. ಈ ಟಿಪ್ಪಣಿಯ ಮೊದಲ ಭಾಗ ಆ ವ್ಯತ್ಯಾಸಗಳನ್ನು ಕುರಿತದ್ದು. ಎರಡನೆಯ ಭಾಗದ ಪ್ರಶ್ನೆ ಇನ್ನೂ ಕಿರಿದು: ಆ ಯಂತ್ರದ ಪರದೆಯ ಮೇಲೆ ನಮ್ಮ ಲಿಪಿಗಳಿಗೆ ಎಷ್ಟು ಜಾಗವಿತ್ತು?

ಚೆನ್ನೈಯ ತ್ರಿಪ್ಲಿಕೇನಿನಲ್ಲಿ ಕುಳಿತವರಿಗೆ ಎರಡನೆಯ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಪಾರ್ಥಸಾರಥಿ ದೇವಸ್ಥಾನದಿಂದ 1795ರ ವಾಲಾಜಾ ಮಸೀದಿಯವರೆಗಿನ ಬೀದಿಗಳಲ್ಲಿ ತಮಿಳು, ತೆಲುಗು, ಉರ್ದು ಮನೆಗಳ ನಡುವೆ ಕನ್ನಡ ಮನೆಗಳೂ ಇವೆ. ಶಾಲೆಯಲ್ಲಿ ಒಂದು ಲಿಪಿ, ಮನೆಯಲ್ಲಿ ಇನ್ನೊಂದು ಎಂಬುದು ಇಲ್ಲಿನ ಮಕ್ಕಳಿಗೆ ವಾಡಿಕೆ. ಒಂದೇ ಯಂತ್ರದ ಮುಂದೆ ಎರಡು ಲಿಪಿಗಳನ್ನು ಹೋಲಿಸಲು ಇದು ತಕ್ಕ ಜಾಗ.

2. ಯಂತ್ರದ ಕಾಲ

ತಯಾರಕರು ಕೇಂಬ್ರಿಜ್‌ನ ಅಕಾರ್ನ್ ಕಂಪ್ಯೂಟರ್ಸ್. ವಿನ್ಯಾಸದಲ್ಲಿ ಮುಖ್ಯವಾಗಿ ಕಾಣುವ ಹೆಸರುಗಳು ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್. ಬಿಡುಗಡೆಯ ತಿಂಗಳು ಡಿಸೆಂಬರ್ 1981 ಎಂದು ಕೊಡುವುದು ರೂಢಿ. ಆದರೆ ಪೂರೈಕೆ ತಡವಾಗಿ, ಹೆಚ್ಚಿನವರ ಕೈಗೆ ಯಂತ್ರ ತಲುಪಿದ್ದು 1982ರಲ್ಲಿ. ಇದರ ಜೊತೆಗೆ ಬರಬೇಕಿದ್ದ ಬಿಬಿಸಿಯ ‘ದಿ ಕಂಪ್ಯೂಟರ್ ಪ್ರೋಗ್ರಾಮ್’ ಸರಣಿಯ ಮೊದಲ ಕಂತು ಪ್ರಸಾರವಾದದ್ದು 11 ಜನವರಿ 1982ರಂದು. ಆದ್ದರಿಂದ 1981 ಮತ್ತು 1982 ಎರಡೂ ತಪ್ಪಲ್ಲ. ಒಂದು ಘೋಷಣೆಯದು, ಇನ್ನೊಂದು ಬಳಕೆಯದು.

ಬೆಲೆಯಲ್ಲಿಯೂ ಇಂಥದೇ ಗೊಂದಲವಿದೆ. ‘ಬಿ’ ಮಾದರಿಗೆ ಮೊದಲು ನಿಗದಿಯಾದದ್ದು 335 ಪೌಂಡ್; ಸ್ವಲ್ಪ ಕಾಲದಲ್ಲೇ ಅದು 399 ಆಯಿತು. ಎರಡು ಅಂಕಿಗಳಲ್ಲಿ ಒಂದನ್ನು ಮಾತ್ರ ಕೊಡುವ ಬರಹಗಳು ತಿಂಗಳನ್ನೂ ಕೊಡುವುದು ಒಳ್ಳೆಯದು.

‘ಬಿ’ ಮಾದರಿಯಲ್ಲಿ 2 ಮೆಗಾಹರ್ಟ್ಸ್‌ನ 6502 ಸಂಸ್ಕಾರಕ, 32 ಕಿಲೋಬೈಟ್ ರ‍್ಯಾಮ್, 32 ಕಿಲೋಬೈಟ್ ರಾಮ್ (ROM) ಇದ್ದವು. ರಾಮ್‌ನ ಅರ್ಧ ಕಾರ್ಯಾಚರಣ ವ್ಯವಸ್ಥೆಗೆ, ಇನ್ನರ್ಧ ಬೇಸಿಕ್ ಭಾಷೆಗೆ.

3. ‘ಕ್ಲಾಸ್’: ಅಂಕಿಗಳು ಮತ್ತು ಹೆಸರುಗಳು

ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನದ ಯೋಜನೆ, ಇಂಗ್ಲಿಷಿನ ಮೊದಲಕ್ಷರಗಳಿಂದ ‘ಕ್ಲಾಸ್’, ಪ್ರಾಯೋಗಿಕವಾಗಿ ಆರಂಭವಾದದ್ದು 1984–85ರಲ್ಲಿ, ಸುಮಾರು 250 ಶಾಲೆಗಳಲ್ಲಿ. ನಡೆಸಿದವರು ಕೇಂದ್ರದ ಶಿಕ್ಷಣ ಸಚಿವಾಲಯ, ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತು ಎನ್‌ಸಿಇಆರ್‌ಟಿ. ಇಲ್ಲಿ ಮೂರು ವ್ಯತ್ಯಾಸಗಳನ್ನು ಗುರುತಿಸಬೇಕು.

(ಅ) ನಂತರದ ಸರ್ಕಾರಿ ಬರಹಗಳು ಯೋಜನೆಯನ್ನು ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದ ಹೆಸರಿಗೆ ಬರೆದಿವೆ. ಆ ಹೆಸರು ಜಾರಿಗೆ ಬಂದದ್ದು ಸೆಪ್ಟೆಂಬರ್ 1985ರಲ್ಲಿ. 1984ರ ಮೂಲ ಕಾಗದದಲ್ಲಿ ಅದು ಇರಲಾರದು. ಇದ್ದರೆ ಆ ಕಾಗದ ನಂತರ ಬರೆದದ್ದು ಅಥವಾ ತಿದ್ದಿದ್ದು ಎಂದು ಶಂಕಿಸಬಹುದು. ಇದೇ ತರಹ, ಯೋಜನೆಯ ಹುಟ್ಟನ್ನು ರಾಜೀವ್ ಗಾಂಧಿಯವರ ಆಡಳಿತಕ್ಕೆ ಸೇರಿಸುವುದು ರೂಢಿಯಾಗಿದೆ. ಅವರು ಪ್ರಧಾನಿಯಾದದ್ದು 31 ಅಕ್ಟೋಬರ್ 1984ರಂದು, ಎಂದರೆ ಆ ಆರ್ಥಿಕ ವರ್ಷದ ಏಳನೆಯ ತಿಂಗಳ ಕೊನೆಯ ದಿನ. ವಿಸ್ತರಣೆ ಅವರ ಕಾಲದ್ದು ಎನ್ನುವುದು ಸರಿ. ಆರಂಭದ ಸಿದ್ಧತೆ ಬಹುಮಟ್ಟಿಗೆ ಅದಕ್ಕೂ ಹಿಂದಿನದಾಗಿರಬೇಕು.

(ಆ) ಸುಮಾರು 12,000 ಬಿಬಿಸಿ ಮೈಕ್ರೊಗಳನ್ನು ಪಡೆದು ರಾಜ್ಯ ಸರ್ಕಾರಗಳ ಮೂಲಕ ಪ್ರೌಢ ಮತ್ತು ಉನ್ನತ ಪ್ರೌಢಶಾಲೆಗಳಿಗೆ ಹಂಚಲಾಯಿತು ಎಂಬ ವಾಕ್ಯ ಸರ್ಕಾರಿ ವಿವರಣೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. 1984–85 ಎಂಬ ಅಂಕಿಯ ಪಕ್ಕದಲ್ಲೇ ಇರುವುದರಿಂದ ಅಷ್ಟೂ ಯಂತ್ರಗಳು ಮೊದಲ ವರ್ಷವೇ ಬಂದವೆಂದು ಓದುವವರಿದ್ದಾರೆ. ಹಾಗಿದ್ದರೆ 250 ಶಾಲೆಗಳಿಗೆ ತಲಾ 48 ಯಂತ್ರ ಸಿಗಬೇಕಿತ್ತು. ಅದು ನಂಬಲಾಗದು. ಪ್ರಾಯೋಗಿಕ ಹಂತದಲ್ಲಿ ಒಳಗೊಂಡ ಶಾಲೆಗಳ ಒಟ್ಟು ಸಂಖ್ಯೆ 2,598 ಎಂದು ಅದೇ ವಿವರಣೆಗಳು ಹೇಳುತ್ತವೆ. ಅದರಿಂದ ಭಾಗಿಸಿದರೆ ಶಾಲೆಗೆ ಸರಾಸರಿ 4.6. ಒಂದು ತರಗತಿ ಸರದಿಯ ಮೇಲೆ ಕಲಿಯಬಹುದಾದ ಸಂಖ್ಯೆ ಇದು. ಆದ್ದರಿಂದ 12,000 ಇಡೀ ಪ್ರಾಯೋಗಿಕ ಹಂತದ ಮೊತ್ತ ಎಂದು ತಿಳಿಯುವುದು ಹೆಚ್ಚು ಸರಿಹೊಂದುತ್ತದೆ.

(ಇ) ಯೋಜನೆಯನ್ನು ಎಂಟನೆಯ ಪಂಚವಾರ್ಷಿಕ ಯೋಜನೆಯಲ್ಲಿ ಕೇಂದ್ರ ಪ್ರಾಯೋಜಿತ ಮಾಡಲಾಯಿತು; ಆ ಅವಧಿಯನ್ನು ‘1993–98’ ಎಂದು ಕೊಡಲಾಗಿದೆ. ಎಂಟನೆಯ ಯೋಜನೆಯ ಕಾಲ 1992–97. ಒಂದು ವರ್ಷದ ಈ ಅಂತರ ಅಚ್ಚಿನ ತಪ್ಪೋ, ಕಾರ್ಯಗತವಾದ ವರ್ಷದಿಂದ ಎಣಿಸಿದ್ದೋ ಎಂಬುದನ್ನು ತೀರ್ಮಾನಿಸದೆ ‘1993–98’ಅನ್ನು ಉಲ್ಲೇಖಿಸಬಾರದು.

4. ‘ಯುನಿಕಾರ್ನ್’

ಪರವಾನಗಿಯ ಮೇಲೆ ಭಾರತದಲ್ಲಿ ಈ ಯಂತ್ರವನ್ನು ಸಿದ್ಧಪಡಿಸಿದ ಸಂಸ್ಥೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್. ಹೆಸರು ‘ಎಸ್‌ಸಿಎಲ್ ಯುನಿಕಾರ್ನ್’. ಕಾರ್ಖಾನೆ ಇದ್ದದ್ದು ಪಂಜಾಬಿನ ಮೊಹಾಲಿಯಲ್ಲಿ. ಚಂಡೀಗಢ ಎಂದು ಬರೆಯುವುದು ಸ್ಥೂಲವಾದ ರೂಢಿ. 1989ರ ಫೆಬ್ರುವರಿಯಲ್ಲಿ ಅಲ್ಲಿನ ಚಿಪ್ ತಯಾರಿಕಾ ಘಟಕ ಬೆಂಕಿಗೆ ಆಹುತಿಯಾಯಿತು. ಶಾಲೆಯ ದಾಸ್ತಾನು ಪುಸ್ತಕದಲ್ಲಿ ‘ಯುನಿಕಾರ್ನ್’ ಎಂದಿದ್ದರೆ ಅದನ್ನು ಬೇರೆ ಯಂತ್ರವೆಂದು ಲೆಕ್ಕ ಹಾಕಬಾರದು. ಬಿಬಿಸಿ ಮೈಕ್ರೊ ಕೇವಲ ಆಮದು ಯಂತ್ರವಾಗಿತ್ತು ಎಂಬ ಹೇಳಿಕೆಯನ್ನೂ ಈ ಹೆಸರೊಂದೇ ತಿದ್ದುತ್ತದೆ.

5. ಪರದೆಯ ಲೆಕ್ಕ

ಯಂತ್ರಕ್ಕೆ ಎಂಟು ಪರದೆ-ಕ್ರಮಗಳಿದ್ದವು, ‘ಮೋಡ್’ 0ರಿಂದ 7. ಪರದೆಗೆ ಬೇಕಾದ ಸ್ಮೃತಿಯನ್ನು 32 ಕಿಲೋಬೈಟಿನಿಂದಲೇ ಕಡಿದುಕೊಳ್ಳಬೇಕು. ಮೋಡ್ 7ಕ್ಕೆ 1 ಕಿಲೋಬೈಟ್ ಸಾಕು. ಮೋಡ್ 4ಕ್ಕೆ 10. ನಾಲ್ಕು ಬಣ್ಣದ ಮೋಡ್ 1ಕ್ಕೆ 20. ಕ್ಯಾಸೆಟ್ ಬಳಸುವ ಯಂತ್ರದಲ್ಲಿ ವ್ಯವಸ್ಥೆಯ ಪಾಲು 3,584 ಬೈಟ್. ಉಳಿಯುವುದು ಕ್ರಮವಾಗಿ 28,160, 18,944 ಮತ್ತು 8,704 ಬೈಟ್. ಡಿಸ್ಕ್ ವ್ಯವಸ್ಥೆ ಸೇರಿಸಿದರೆ ಪ್ರತಿಯೊಂದರಲ್ಲೂ ಸಾಮಾನ್ಯವಾಗಿ ಇನ್ನೂ 2,816 ಕಡಿಮೆ.

ಈ ಲೆಕ್ಕಕ್ಕೂ ಲಿಪಿಗೂ ನೇರ ಸಂಬಂಧವಿದೆ. ಹೆಚ್ಚು ಸ್ಮೃತಿ ಉಳಿಸುವ ಮೋಡ್ 7ರ ಅಕ್ಷರಗಳು ಟೆಲಿಟೆಕ್ಸ್ಟ್‌ಗೆಂದು ಮಾಡಿದ ಎಸ್‌ಎಎ 5050 ಚಿಪ್ಪಿನಲ್ಲಿ ಅಚ್ಚಾಗಿದ್ದವು. ಅವನ್ನು ಬದಲಿಸುವಂತಿರಲಿಲ್ಲ. ಹೊಸ ಅಕ್ಷರ ಬೇಕೆಂದರೆ ಬೇರೆ ಮೋಡ್‌ಗೆ ಹೋಗಬೇಕು. ಹೋದರೆ ಕನಿಷ್ಠ 7 ಕಿಲೋಬೈಟ್ ಕಳೆದುಕೊಳ್ಳಬೇಕು. ಭಾರತೀಯ ಲಿಪಿಗೆ ಈ ಯಂತ್ರದಲ್ಲಿ ಇದ್ದ ಮೊದಲ ಅಡ್ಡಿ ಇದೇ ಎಂದು ತೋರುತ್ತದೆ. ಕೀಲಿಮಣೆಯ ತೊಂದರೆ ಅದರ ನಂತರದ್ದು.

6. ‘ಕ’ ಎಂಬ ಒಂದು ಅಕ್ಷರ

ಹೊಸ ಅಕ್ಷರವನ್ನು ‘ವಿಡಿಯು 23’ ಆದೇಶದಿಂದ ಬರೆಯಬೇಕು: ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ, ಸಾಲಿಗೊಂದು ಸಂಖ್ಯೆ. ಈ ಟಿಪ್ಪಣಿಗಾಗಿ ಚೌಕಳಿ ಹಾಳೆಯ ಮೇಲೆ ‘ಕ’ವನ್ನು ಬಿಡಿಸಿದಾಗ ದೊರೆತ ಸಂಖ್ಯೆಗಳು: 6, 124, 16, 126, 24, 36, 66, 60. ಮೊದಲ ಎರಡು ಸಾಲು ತಲೆಕಟ್ಟಿಗೆ, ಮೂರನೆಯದು ಕೊರಳಿಗೆ, ನಾಲ್ಕನೆಯದು ನಡುವಿನ ಅಡ್ಡಗೆರೆಗೆ, ಉಳಿದ ನಾಲ್ಕು ಕೆಳಗಿನ ಸುತ್ತಿಗೆ. ಎಂಟೂ ಸಾಲು ಮುಗಿದವು. ಕೆಳಗಿನ ಸಾಲಿನ ತಲೆಕಟ್ಟು ಇದಕ್ಕೆ ತಗುಲುತ್ತದೆ. ಒತ್ತಕ್ಷರಕ್ಕೆ ಜಾಗವೇ ಇಲ್ಲ. ಅದನ್ನು ಕೆಳಗಿನ ಚೌಕದಲ್ಲಿ ಬೇರೆ ಅಕ್ಷರವಾಗಿ ಇಡಬೇಕು. ಆಗ ಮೋಡ್ 4ರ 32 ಸಾಲುಗಳಲ್ಲಿ ಕನ್ನಡಕ್ಕೆ ಸಿಗುವುದು 16. ದ-ಧ, ಡ-ಢಗಳನ್ನು ಬೇರೆ ಮಾಡುವ ಕೆಳಗಿನ ಸೀಳಿಗೆ ಒಂದು ಚುಕ್ಕಿ ಮೀಸಲಿಟ್ಟರೆ ಸುತ್ತು ಇನ್ನೂ ಕುಗ್ಗುತ್ತದೆ.

ಬೇರೆಯವರು ಇನ್ನೂ ಚೆನ್ನಾದ ‘ಕ’ವನ್ನು ಬಿಡಿಸಬಹುದು. ಆದರೆ ತಲೆಕಟ್ಟು ಓದುವಂತಿದ್ದು ಕೆಳಗೆ ಒಂದು ಖಾಲಿ ಸಾಲೂ ಉಳಿಯುವ ರೂಪ ಕಷ್ಟಸಾಧ್ಯ.

7. 32, 128, 224

ಯಂತ್ರವನ್ನು ಚಾಲೂ ಮಾಡಿದಾಗ ಹೊಸ ಅಕ್ಷರಗಳಿಗೆ ಮೀಸಲಾದ ಜಾಗ 256 ಬೈಟ್. ಅಕ್ಷರಕ್ಕೆ 8 ಬೈಟಿನಂತೆ 32 ಅಕ್ಷರ. ಕನ್ನಡ ವರ್ಣಮಾಲೆ 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49. ವ್ಯಂಜನಗಳೇ ಎರಡು ಹೆಚ್ಚಾದವು. ತಮಿಳಿನಲ್ಲಿ 12 ಸ್ವರ, 18 ವ್ಯಂಜನ, ಒಂದು ಆಯ್ದಂ, ಒಟ್ಟು 31. ಎಂದರೆ ತ್ರಿಪ್ಲಿಕೇನಿನ ವಿದ್ಯಾರ್ಥಿಯೊಬ್ಬ ತಮಿಳಿನ ಮೂಲಾಕ್ಷರಗಳನ್ನು ಪೂರ್ತಿ ತುಂಬಿ ಒಂದು ಚೌಕ ಉಳಿಸಿಕೊಳ್ಳಬಹುದಿತ್ತು. ಮನೆಯ ಕನ್ನಡವನ್ನು ತುಂಬಲಾಗುತ್ತಿರಲಿಲ್ಲ. ಈ ಹೋಲಿಕೆಯನ್ನು ಅತಿಗೆ ಒಯ್ಯಬಾರದು. ತಮಿಳಿನ ಸ್ವರಚಿಹ್ನೆಗಳಿಗೆ, ಉಕಾರ ಊಕಾರ ಬೆಸೆದ ರೂಪಗಳಿಗೆ ಆ ಒಂದು ಚೌಕ ಸಾಲದು. ಅಕ್ಷರಗಳು ಕೂಡಿ ಬರೆಯುವ ಉರ್ದುವಿನ ಇಳಿಜಾರು ಬರಹಕ್ಕಂತೂ ಎಂಟು ಚುಕ್ಕಿಯ ಚೌಕವೇ ಒಗ್ಗದು.

ಮಿತಿಯನ್ನು ದಾಟುವ ದಾರಿ ಇತ್ತು. ‘ಎಫ್‌ಎಕ್ಸ್ 20,6’ ಎಂಬ ಆದೇಶ 224 ಅಕ್ಷರಗಳಿಗೆ ಎಡೆ ಕೊಡುತ್ತಿತ್ತು, 1,536 ಬೈಟಿನ ಬೆಲೆಗೆ. ಇಂಗ್ಲಿಷ್ ಅಕ್ಷರಗಳನ್ನು ಮುಟ್ಟದೆ ಉಳಿಸಿಕೊಂಡರೆ ಸಿಗುವುದು 128. ಕನ್ನಡದ 49 ಅಕ್ಷರ, 34 ಒತ್ತು ಸೇರಿ 83. ಸ್ವರಚಿಹ್ನೆ, ಅಂಕಿಗಳಿಗೆ ಇನ್ನೂ 45 ಚೌಕ ಉಳಿಯುತ್ತವೆ. ಕಾಗುಣಿತವನ್ನು ಬಿಡಿಸದೆ ಇಡಿಯಾಗಿ ಬರೆಯಹೊರಟರೆ 34ನ್ನು 15ರಿಂದ ಗುಣಿಸಿ 510. 224ರಲ್ಲಿಯೂ ಅದು ಹಿಡಿಯದು. ಹೀಗಾಗಿ ಬಿಬಿಸಿ ಮೈಕ್ರೊದಲ್ಲಿ ಕನ್ನಡ ಅಸಾಧ್ಯವಾಗಿತ್ತು ಎಂಬ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ಕ್ಯಾಸೆಟ್ ಯಂತ್ರದ ಮೋಡ್ 4ರಲ್ಲಿ ಇಷ್ಟೆಲ್ಲ ಮಾಡಿದ ಮೇಲೂ ಕಾರ್ಯಕ್ರಮಕ್ಕೆ 17,408 ಬೈಟ್ ಉಳಿಯುತ್ತಿತ್ತು. ಡಿಸ್ಕ್ ಇರುವ ಯಂತ್ರದ ಮೋಡ್ 1ರಲ್ಲಾದರೆ ಉಳಿಯುವುದು 4,352 ಮಾತ್ರ. ಅಲ್ಲಿ ಪಾಠವೊಂದನ್ನು ಕೂರಿಸುವುದು ಬಹಳ ಇಕ್ಕಟ್ಟಿನ ಕೆಲಸ.

ಸ್ಮೃತಿಗಿಂತ ದೊಡ್ಡ ಕೊರತೆ ಒಮ್ಮತದ್ದು ಎಂದು ಕಾಣುತ್ತದೆ. ಯಾವ ಸಂಖ್ಯೆ ಯಾವ ಅಕ್ಷರಕ್ಕೆ ಎಂಬುದನ್ನು ಆ ಯಂತ್ರದಲ್ಲಿ ಬರೆಯುವವರೇ ಗೊತ್ತುಮಾಡಿಕೊಳ್ಳಬೇಕಿತ್ತು. ಭಾರತೀಯ ಲಿಪಿಗಳ ಸಂಕೇತ ‘ಇಸ್ಕಿ’ ಐಎಸ್ 13194 ಎಂಬ ರಾಷ್ಟ್ರೀಯ ಮಾನಕವಾದದ್ದು 1991ರಲ್ಲಿ, ‘ಕ್ಲಾಸ್’ ಆರಂಭವಾಗಿ ಏಳು ವರ್ಷದ ಮೇಲೆ.

8. ಓದುಗರಲ್ಲಿ

ಮೂರನೆಯ ವಿಭಾಗದ ಸರಾಸರಿಯನ್ನು ಪರೀಕ್ಷಿಸಲು ದೆಹಲಿಯ ಕಡತಗಳಿಗಿಂತ ಶಾಲೆಗಳ ದಾಸ್ತಾನು ಪುಸ್ತಕಗಳು ಹೆಚ್ಚು ಉಪಯುಕ್ತ. ಚೆನ್ನೈಯಲ್ಲಾಗಲಿ, ಕರ್ನಾಟಕದಲ್ಲಾಗಲಿ, 1984ರಿಂದ 1993ರವರೆಗಿನ ಅಂಥ ಪುಸ್ತಕ ನೋಡುವ ಅವಕಾಶ ಇರುವವರು ದಯವಿಟ್ಟು ಮೂರು ವಿಷಯಗಳನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು: ಯಂತ್ರದ ಹೆಸರು, ಸಂಖ್ಯೆ, ಶಾಲೆಗೆ ಬಂದ ದಿನಾಂಕ. ಪುಸ್ತಕ ರದ್ದಿಗೆ ಹೋಗುವ ಮೊದಲೇ ಈ ಕೆಲಸ ಆಗಬೇಕು.