ಧಾರವಾಡ ಸೀಮೆಯಲ್ಲಿ ಜರ್ಮನ್ ಒಕ್ಕಲುತನ: ಒಂದು ಸಮೀಕ್ಷೆ

ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನ್ ನಾಡುಗಳಿಂದ ಹೊರಟ ಲಕ್ಷಾಂತರ ರೈತ ಕುಟುಂಬಗಳು ಉತ್ತರ ಅಮೆರಿಕದಲ್ಲಿ, ದಕ್ಷಿಣ ರಷ್ಯದಲ್ಲಿ, ಕಾಕಸಸ್ ಪ್ರಾಂತದಲ್ಲಿ ಹೊಸ ಹಳ್ಳಿಗಳನ್ನು ಕಟ್ಟಿ ನೆಲೆನಿಂತ ಕಥೆ ವಲಸೆಯ ಇತಿಹಾಸದಲ್ಲಿ ವಿಸ್ತಾರವಾಗಿ ದಾಖಲಾಗಿದೆ. ಭಾರತಕ್ಕೆ ಅಂಥ ರೈತ ವಲಸೆ ಬರಲಿಲ್ಲ. ಇಲ್ಲಿಯ ಭೂಮಿ ಶತಮಾನಗಳಿಂದ ಒಕ್ಕಲಿನ ಕೈಯಲ್ಲಿದ್ದುದು, ಹವೆ ಯುರೋಪಿನ ಕೃಷಿಗೆ ಒಗ್ಗದಿದ್ದುದು, ಯುರೋಪಿಯನ್ನರು ನೆಲೆಸುವುದನ್ನು ಈಸ್ಟ್ ಇಂಡಿಯಾ ಕಂಪನಿ ಬಹುಕಾಲ ನಿರ್ಬಂಧಿಸಿದ್ದುದು ಇದಕ್ಕೆ ಕಾರಣಗಳು. ಹೀಗಿದ್ದೂ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಯ ಸುತ್ತ 1837ರಿಂದ 1914ರವರೆಗೆ ಜರ್ಮನ್ ರೈತ ಮತ್ತು ಕುಶಲಕರ್ಮಿ ಮನೆತನಗಳಲ್ಲಿ ಹುಟ್ಟಿದ ಅನೇಕರು ಬಾಸೆಲ್ ಮಿಶನ್ನಿನ ಪಾದ್ರಿಗಳಾಗಿ ಬಾಳಿದರು. ತಮ್ಮ ತಾಯ್ನಾಡಿನಲ್ಲಿ ಕಂಡಿದ್ದ ಮಾದರಿಯ ಒಕ್ಕಲು ಹಳ್ಳಿಯೊಂದನ್ನು ಇಲ್ಲಿಯ ನೆಲದಲ್ಲಿ ಕಟ್ಟಲು ಯತ್ನಿಸಿದರು. ಆ ಯತ್ನದ ಹಿನ್ನೆಲೆ, ಅದು ಕುಸಿದ ಬಗೆ, ಕನ್ನಡ ನಾಡಿನ ಇತರ ಭಾಗಗಳಲ್ಲಿ ಅದು ತಾಳಿದ ರೂಪ, ಮತ್ತು ಅದರ ಅಧ್ಯಯನ ನಡೆದುಬಂದ ದಾರಿ ಈ ಲೇಖನದ ವಸ್ತು.

ತಾಯ್ನಾಡಿನ ಹಿನ್ನೆಲೆ

ಬಾಸೆಲ್ ಮಿಶನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾಯಿತಾದರೂ ಅದಕ್ಕೆ ಜನಬಲ ಒದಗಿದ್ದು ಬಹುಮಟ್ಟಿಗೆ ನೈಋತ್ಯ ಜರ್ಮನಿಯ ವ್ಯುರ್ಟೆಂಬರ್ಗ್ ರಾಜ್ಯದಿಂದ. ಅಲ್ಲಿ ತಂದೆಯ ಹೊಲವನ್ನು ಮಕ್ಕಳೆಲ್ಲ ಸಮನಾಗಿ ಹಂಚಿಕೊಳ್ಳುವ ಪದ್ಧತಿಯಿದ್ದು, ತಲೆಮಾರಿನಿಂದ ತಲೆಮಾರಿಗೆ ಹಿಡುವಳಿಗಳು ಚೂರುಚೂರಾಗಿ, ಸಂಸಾರ ಸಾಗಿಸಲು ರೈತನು ನೇಯ್ಗೆ ಅಥವಾ ಬಡಿಗತನವನ್ನೂ ಮಾಡಬೇಕಾಗಿತ್ತು. 1815ರಲ್ಲಿ ಇಂಡೊನೇಷ್ಯದ ತಂಬೋರಾ ಅಗ್ನಿಪರ್ವತ ಸ್ಫೋಟಿಸಿ ಅದರ ಧೂಳು ಆಕಾಶವನ್ನು ಆವರಿಸಿದ ಪರಿಣಾಮವಾಗಿ 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬಾರದೆ, ಬೆಳೆ ಕೈಕೊಟ್ಟು, ಮರುವರ್ಷ ವ್ಯುರ್ಟೆಂಬರ್ಗ್ ಬರಗಾಲಕ್ಕೆ ತುತ್ತಾದಾಗ ಸಾವಿರಾರು ಜನ ಊರು ಬಿಟ್ಟರು. ಹೀಗೆ ಹೊರಟವರಲ್ಲಿ ಪಯಟಿಸ್ಟರು, ಅಂದರೆ ಚರ್ಚಿನ ವಿಧಿಗಳಿಗಿಂತ ವೈಯಕ್ತಿಕ ಭಕ್ತಿಗೂ ಶಿಸ್ತಿನ ದುಡಿಮೆಗೂ ಹೆಚ್ಚಿನ ಬೆಲೆ ಕೊಡುವ ಪ್ರೊಟೆಸ್ಟಂಟ್ ಪಂಥದವರು, ಬಹಳ ಮಂದಿ ಇದ್ದರು. ಇವರ ನಿರ್ಗಮನವನ್ನು ತಡೆಯುವ ಸಲುವಾಗಿಯೇ ಅಲ್ಲಿಯ ಅರಸನು ಪ್ರತ್ಯೇಕ ಭಕ್ತ ಗ್ರಾಮಗಳಿಗೆ ಅನುಮತಿಯಿತ್ತನು. ಸ್ಟುಟ್‌ಗಾರ್ಟಿನ ಬಳಿ 1819ರಲ್ಲಿ ಹುಟ್ಟಿದ ಕೋರ್ನ್‌ಟಾಲ್ ಅಂಥ ಮೊದಲ ಗ್ರಾಮ. ಹೊಲ, ಶಾಲೆ, ಪ್ರಾರ್ಥನಾಮಂದಿರ, ಅನಾಥಾಲಯಗಳು ಒಂದೇ ಆಡಳಿತದ ಕೆಳಗಿದ್ದ ಈ ಬಗೆಯ ಊರು ಆ ಪ್ರಾಂತದ ಧಾರ್ಮಿಕ ಕುಟುಂಬಗಳ ಕಣ್ಣೆದುರಿಗಿದ್ದ ಜೀವಂತ ಆದರ್ಶವಾಗಿತ್ತು.

ಬಾಸೆಲಿನ ತರಬೇತಿ ಶಾಲೆಗೆ ಸೇರುತ್ತಿದ್ದ ತರುಣರಲ್ಲಿ ಹೆಚ್ಚಿನವರು ಇಂಥ ಹಳ್ಳಿಗಳ ರೈತರ, ನೇಕಾರರ, ಚಮ್ಮಾರರ, ಬಡಿಗರ ಮಕ್ಕಳು. ಟ್ಯುಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಲಿತು ಬಂದ ಹರ್ಮನ್ ಮೊಗ್ಲಿಂಗ್‌ರಂಥವರು ಅವರ ನಡುವೆ ಅಪವಾದವಾಗಿದ್ದರು. ಆದ್ದರಿಂದ ಧಾರವಾಡ ಸೀಮೆಗೆ ಬಂದ ಪಾದ್ರಿಗಳು ಒಕ್ಕಲುತನವನ್ನು ಹೊರಗಿನಿಂದ ನೋಡಿ ಬಲ್ಲವರಾಗಿರದೆ, ಅದರ ಕಷ್ಟವನ್ನು ಬಾಲ್ಯದಲ್ಲೇ ಉಂಡವರಾಗಿದ್ದರು ಎಂಬುದನ್ನು ಮುಂದಿನ ಬೆಳವಣಿಗೆಗಳ ವಿಚಾರದಲ್ಲಿ ಮರೆಯುವಂತಿಲ್ಲ.

ಧಾರವಾಡಕ್ಕೆ ಬಂದ ಬಗೆ

1833ರ ಸನ್ನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ಪ್ರದೇಶದಲ್ಲಿ ಕೆಲಸ ಮಾಡಲು ದಾರಿ ತೆರೆದ ಮೇಲೆ, 1834ರ ಅಕ್ಟೋಬರಿನಲ್ಲಿ ಸ್ಯಾಮ್ಯುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಠಾಣೆಗಳು ತೆರೆದವು. ಮಿಶನ್ನಿನ ದಾಖಲೆಗಳು ಈ ಭಾಗವನ್ನು ದಕ್ಷಿಣ ಮರಾಠ ಸೀಮೆ ಎಂದು ಕರೆಯುತ್ತವೆ; 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೆ ಕಂಪನಿಯ ಕೈಸೇರಿದ ಪ್ರದೇಶ ಇದು. ಕಿತ್ತೂರಿನ ಬಂಡಾಯ ಅಡಗಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿ, ಧಾರವಾಡದ ಠಾಣೆ ತೆರೆದಾಗ ಇನ್ನೂ ಆರೇಳು ವರ್ಷಗಳಾಗಿದ್ದವು. ಇನಾಂ ಭೂಮಿ, ವತನ, ಕಂದಾಯಗಳ ಪ್ರಶ್ನೆ ಜನಮನದಲ್ಲಿ ಹಸಿಯಾಗಿಯೇ ಉಳಿದಿದ್ದ ಕಾಲವದು. 1840ರ ದಶಕದಲ್ಲಿ ವಿಂಗೇಟ್ ನೇತೃತ್ವದ ಮೋಜಣಿ, ಅಂದರೆ ಪ್ರತಿ ಹೊಲವನ್ನು ಅಳೆದು ಮಣ್ಣಿನ ಗುಣಕ್ಕೆ ತಕ್ಕಂತೆ ಕಂದಾಯ ನಿಗದಿ ಮಾಡುವ ಕೆಲಸ, ಈ ಜಿಲ್ಲೆಯಲ್ಲಿ ನಡೆಯುವವರೆಗೆ ಕಂದಾಯದ ಭಾರಕ್ಕೆ ಬೀಳುಬಿದ್ದ ಭೂಮಿಯೂ ಸಾಕಷ್ಟಿತ್ತು. ಹೊಸ ಊರು ಕಟ್ಟಬಹುದೆಂಬ ಆಸೆಗೆ ಆಸ್ಪದವಾದ ಸನ್ನಿವೇಶಗಳಲ್ಲಿ ಇದೂ ಒಂದು.

ಮಲ್ಲಸಮುದ್ರದ ಪ್ರಯೋಗ

ಹುಬ್ಬಳ್ಳಿಯ ಠಾಣೆ ತೆರೆದ ಹೊಸತರಲ್ಲಿಯೇ ಕಾಲಜ್ಞಾನಿಗಳೆಂದು ಹೆಸರಾದ ಪಂಥವೊಂದರ ಜನ ಪಾದ್ರಿಗಳ ಸಂಪರ್ಕಕ್ಕೆ ಬಂದರು. ಕಾಲಜ್ಞಾನವೆಂದರೆ ಮುಂದೆ ಬರಲಿರುವ ಯುಗಪಲ್ಲಟವನ್ನು, ಹೊಸ ಧರ್ಮರಾಜ್ಯವನ್ನು ಸಾರುವ ವಾಣಿಗಳು. ಕೊಡೇಕಲ್ ಬಸವಣ್ಣನ ಪರಂಪರೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಇವುಗಳ ಓದು ಇಂದಿಗೂ ಬಳಕೆಯಲ್ಲಿದೆ. ತಮ್ಮ ವಾಣಿಗಳಲ್ಲಿ ಹೇಳಿದ ಬದಲಾವಣೆಯ ಸುಳಿವನ್ನು ಈ ಜನ ಪಾದ್ರಿಗಳ ಬೋಧೆಯಲ್ಲಿ ಕಂಡರೆ, ಪಾದ್ರಿಗಳು ಅವರಲ್ಲಿ ಇಡೀ ಸಮುದಾಯವೊಂದರ ಮತಾಂತರದ ಸಾಧ್ಯತೆಯನ್ನು ಕಂಡರು. ಮತಾಂತರಗೊಂಡವರು ಮನೆ, ಬಂಧುಬಳಗ, ಪಾಲಿನ ಆಸ್ತಿಯನ್ನು ಕಳೆದುಕೊಳ್ಳುವ ಅಪಾಯವಿದ್ದುದರಿಂದ, ಅವರನ್ನು ಒಟ್ಟಿಗೆ ನೆಲೆಗೊಳಿಸಲು ಗದಗ-ಬೆಟಗೇರಿಯ ಸಮೀಪದ ಮಲ್ಲಸಮುದ್ರದಲ್ಲಿ 1840ರ ದಶಕದ ಆರಂಭದಲ್ಲಿ ಒಂದು ಕೃಷಿ ವಸಾಹತು ಹುಟ್ಟಿಕೊಂಡಿತು.

ಕಲ್ಪನೆ ಸ್ಪಷ್ಟವಾಗಿತ್ತು: ಪ್ರತಿ ಕುಟುಂಬಕ್ಕೆ ಹೊಲ, ನಡುವೆ ಶಾಲೆ ಮತ್ತು ಪ್ರಾರ್ಥನಾಮಂದಿರ, ಊರ ಶಿಸ್ತಿಗೆ ಪಾದ್ರಿಯ ಮೇಲ್ವಿಚಾರಣೆ. ಫಲಿತಾಂಶ ನಿರಾಶಾದಾಯಕವಾಯಿತು. ಸಾವಿರಗಳ ಲೆಕ್ಕದಲ್ಲಿ ನಿರೀಕ್ಷಿಸಿದ್ದ ಕಾಲಜ್ಞಾನಿಗಳು ಬರಲಿಲ್ಲ. ಬಂದ ಕೆಲವರಲ್ಲಿಯೂ ಎಲ್ಲರೂ ನಿಲ್ಲಲಿಲ್ಲ. ಕಾಲಕ್ರಮದಲ್ಲಿ ಮಲ್ಲಸಮುದ್ರ ಬೆಟಗೇರಿ ಠಾಣೆಯ ಒಂದು ಉಪಠಾಣೆಯಾಗಿ ಉಳಿಯಿತು.

ಈ ಸೋಲನ್ನು ಕೇವಲ ಧಾರ್ಮಿಕ ಕಾರಣಗಳಿಂದ ವಿವರಿಸಿದರೆ ಸಾಲದು. ಗದಗ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನಷ್ಟು ಮಾತ್ರ ಮಳೆ ಬೀಳುತ್ತದೆ, ಅದೂ ಹಿಂದುಮುಂದಾಗುತ್ತದೆ. ಎರೆ ಭೂಮಿ ನೆನೆದಾಗ ಕಾಲಿಡಲಾಗದ ಕೆಸರಾಗಿ, ಒಣಗಿದಾಗ ಬಿರುಕುಬಿಡುವ ಮಣ್ಣಾದ್ದರಿಂದ, ಹದ ನೋಡಿ ಕುಂಟೆ ಹೊಡೆದು ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಹತ್ತಿ ಬಿತ್ತುವ ಜ್ಞಾನ ಆ ನೆಲದಲ್ಲೇ ತಲೆತಲಾಂತರದಿಂದ ಬೆಳೆದದ್ದು. ತಂಪು ಹವೆಯಲ್ಲಿ, ಚಿಕ್ಕ ತುಂಡು ಹೊಲದಲ್ಲಿ, ಕೊಟ್ಟಿಗೆಯ ಗೊಬ್ಬರ ನಂಬಿ ಬೆಳೆ ತೆಗೆಯುತ್ತಿದ್ದ ವ್ಯುರ್ಟೆಂಬರ್ಗಿನ ಅನುಭವಕ್ಕೆ ಇಲ್ಲಿ ನೇರ ಬಳಕೆ ಇರಲಿಲ್ಲ. ಇದಕ್ಕಿಂತ ದೊಡ್ಡ ತೊಡಕು ಸಾಮಾಜಿಕವಾದದ್ದು. ಈ ಸೀಮೆಯ ಒಕ್ಕಲುತನ ಆಯಗಾರ ಪದ್ಧತಿಯನ್ನು ಆಧರಿಸಿತ್ತು: ಬಡಿಗ, ಕಮ್ಮಾರ, ಕುಂಬಾರ, ಅಗಸ ಮೊದಲಾದವರು ವರ್ಷವಿಡೀ ರೈತನ ಕೆಲಸ ಮಾಡಿಕೊಟ್ಟು ಸುಗ್ಗಿಯ ಕಣದಲ್ಲಿ ತಮ್ಮ ಪಾಲಿನ ಕಾಳನ್ನು ಪಡೆಯುತ್ತಿದ್ದರು. ಎತ್ತು ಸಾಲದವರು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಮುಯ್ಯಾಳಾಗಿ ದುಡಿಯುತ್ತಿದ್ದರು. ಕಾರಹುಣ್ಣಿಮೆ, ಸೀಗಿಹುಣ್ಣಿಮೆ, ಎಳ್ಳಮವಾಸ್ಯೆಗಳು ಬೇಸಾಯದ ಪಂಚಾಂಗವೂ ಊರಿನ ಒಗ್ಗಟ್ಟಿನ ಸಂದರ್ಭಗಳೂ ಆಗಿದ್ದವು. ಹೊಲ ಸಿಕ್ಕರೂ ಈ ಕೊಡುಕೊಳ್ಳುವಿಕೆಯಿಂದ ಹೊರಬಿದ್ದ ಕುಟುಂಬಕ್ಕೆ ಬೇಸಾಯ ಸಾಗುವುದು ದುಸ್ತರ. ಮಿಶನ್ ಒದಗಿಸಬಲ್ಲದ್ದು ಭೂಮಿಯನ್ನು. ಊರನ್ನು ಒದಗಿಸುವುದು ಅದರ ಶಕ್ತಿಗೆ ಮೀರಿತ್ತು. ಮತ ಬದಲಿಸಿದವರ ಆಸ್ತಿಯ ಹಕ್ಕನ್ನು ಕಾಪಾಡುವ ಕಾಯಿದೆ 1850ರಲ್ಲಿ ಜಾರಿಗೆ ಬಂದು ಪಾಲಿನ ಪ್ರಶ್ನೆ ಕಾನೂನಿನಲ್ಲಿ ಬಗೆಹರಿದರೂ, ಕಾಯಿದೆಯಿಂದ ಮುಯ್ಯಾಳು ಹುಟ್ಟಲಾರ.

ಅದೇ ಕಾಲದ ಅಮೆರಿಕನ್ ಹತ್ತಿ

ಇದೇ ದಶಕದಲ್ಲಿ, ಇದೇ ಎರೆ ನೆಲದಲ್ಲಿ ನಡೆದ ಇನ್ನೊಂದು ಪರದೇಶಿ ಪ್ರಯೋಗ ಹೋಲಿಕೆಗೆ ತಕ್ಕದ್ದು. ಲ್ಯಾಂಕಷೈರಿನ ಗಿರಣಿಗಳಿಗೆ ಬೇಕಾದ ಉದ್ದೆಳೆಯ ಹತ್ತಿಯನ್ನು ಭಾರತದಲ್ಲಿ ಬೆಳೆಸುವ ಉದ್ದೇಶದಿಂದ ಕಂಪನಿಯು 1840ರಲ್ಲಿ ಹತ್ತು ಮಂದಿ ಅಮೆರಿಕನ್ ಹತ್ತಿ ಬೆಳೆಗಾರರನ್ನು ಕರೆಸಿ ಬೇರೆಬೇರೆ ಪ್ರಾಂತಗಳಿಗೆ ಕಳಿಸಿತು. ಬಹುತೇಕ ಕಡೆ ಪ್ರಯೋಗ ವಿಫಲವಾಯಿತು. ಧಾರವಾಡ ಜಿಲ್ಲೆಯಲ್ಲಿ ಕಲೆಕ್ಟರ್ ಶಾ ಅವರ ಆಸಕ್ತಿಯಿಂದ ನ್ಯೂ ಆರ್ಲಿಯನ್ಸ್ ಬೀಜ ರೈತರ ಹೊಲಗಳಿಗೆ ಹೋಯಿತು. ಇಲ್ಲಿಯ ರೈತರು ಅದನ್ನು ತಮ್ಮ ಪದ್ಧತಿಯಲ್ಲೇ, ತಮ್ಮ ಕೂರಿಗೆಯಿಂದಲೇ ಬಿತ್ತಿ ಒಗ್ಗಿಸಿಕೊಂಡರು. ಅರಳೆಯಿಂದ ಬೀಜ ಬೇರ್ಪಡಿಸುವ ಗರಗಸದ ಯಂತ್ರಗಳನ್ನು ತಯಾರಿಸಿ ದುರಸ್ತಿ ಮಾಡುವ ಸರ್ಕಾರಿ ಕಾರ್ಖಾನೆಯೂ ಧಾರವಾಡದಲ್ಲಿ ನಡೆಯಿತು. ಬೆಳೆಗಾರರು ಹಿಂದಿರುಗಿದರು, ಬೀಜ ಉಳಿಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಧಾರವಾಡ-ಅಮೆರಿಕನ್ ಎಂಬ ಹೆಸರಿನ ಈ ಹತ್ತಿಗೆ ಅಪಾರ ಬೆಲೆ ಬಂತು. ಹೊಸ ಬೆಳೆಯು ಇದ್ದ ಊರುಗಳ ಒಳಗೆ ಹೋದದ್ದರಿಂದ ಗೆದ್ದಿತು, ಮಲ್ಲಸಮುದ್ರವು ಇದ್ದ ಊರುಗಳ ಹೊರಗೆ ನಿಂತದ್ದರಿಂದ ಬಾಡಿತು ಎಂಬ ನಿರ್ಣಯಕ್ಕೆ ಈ ಹೋಲಿಕೆ ಎಡೆಮಾಡಿಕೊಡುತ್ತದೆ.

ಕೊಡಗು ಮತ್ತು ಕೇತಿ

ಒಕ್ಕಲು ವಸಾಹತಿನ ಕಲ್ಪನೆ ಧಾರವಾಡದಲ್ಲಿ ಕುಂದಿದರೂ ಬೇರೆಡೆ ಮತ್ತೆ ಚಿಗುರಿತು. ಮೊಗ್ಲಿಂಗ್ 1853ರಿಂದ ಕೊಡಗಿನಲ್ಲಿ ಕೆಲಸ ಆರಂಭಿಸಿ, ಜೀತಕ್ಕೆ ಒಳಪಟ್ಟಿದ್ದ ಹೊಲೆಯ ಸಮುದಾಯದ ಕುಟುಂಬಗಳಿಗಾಗಿ ಕಾಫಿ ತೋಟವನ್ನು ಆಧರಿಸಿದ ಆನಂದಪುರವನ್ನು ಕಟ್ಟಿದರು. ಮಂಗಳೂರಿನಲ್ಲಿ 1844ರಲ್ಲಿ ದೀಕ್ಷೆ ಪಡೆದು, ಬಾಸೆಲಿನಲ್ಲಿ ಕಲಿತು ಪಾದ್ರಿಯಾಗಿ ಮರಳಿದ ಆನಂದರಾವ್ ಕೌಂಡಿನ್ಯರ ಹೆಸರು ಆ ಊರಿಗಿದೆ. ಆನಂದಪುರ ಇಂದಿಗೂ ಜೀವಂತ ಊರು. ಮಲ್ಲಸಮುದ್ರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸ್ಪಷ್ಟ: ಕಾಫಿ ಆಯಗಾರರನ್ನು ಬೇಡದ ಮಾರುಕಟ್ಟೆಯ ಬೆಳೆ, ಬಂದ ಕುಟುಂಬಗಳಿಗೆ ಬಿಟ್ಟುಬರಲು ಸ್ವಂತ ಭೂಮಿ ಇರಲಿಲ್ಲ, ಗಳಿಸಲು ಸ್ವಾತಂತ್ರ್ಯವಿತ್ತು. ನೀಲಗಿರಿಯ ಕೇತಿಯಲ್ಲಿ, ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗ ರೈತರ ನಡುವೆ, 1840ರ ದಶಕದಲ್ಲಿ ಆರಂಭವಾದ ಮಿಶನ್ ಠಾಣೆ ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಆಸ್ತಿಯ ದಾನದಿಂದ ನೆಲೆಗೊಂಡಿತು.

ನೇಗಿಲಿನಿಂದ ಮಗ್ಗಕ್ಕೆ

ಮಲ್ಲಸಮುದ್ರದ ಅನುಭವ ಮಿಶನ್ನಿನ ಒಟ್ಟು ನೀತಿಯ ತಿರುವಿಗೂ ಹೊಂದಿಕೊಳ್ಳುತ್ತದೆ. 1851ರಲ್ಲಿ ಮಂಗಳೂರಿಗೆ ಬಂದ ನೇಕಾರ ಹಾಲರ್ ಯುರೋಪಿನ ಮಾದರಿಯ ಮಗ್ಗಗಳನ್ನು ಹೂಡಿದರು, ಅಲ್ಲಿ ಖಾಕಿ ಬಣ್ಣದ ಬಟ್ಟೆಯೂ ತಯಾರಾಯಿತು. 1859ರಲ್ಲಿ ಬಾಸೆಲಿನಲ್ಲಿ ವ್ಯಾಪಾರ ಸಂಸ್ಥೆಯೊಂದು ಹುಟ್ಟಿತು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೆಂಚು, ಬಟ್ಟೆಗಳ ಕೂಲಿ ತಿಂಗಳು ತಿಂಗಳು ಕೈಗೆ ಬರುವಂಥದ್ದು, ಊರ ಒಪ್ಪಿಗೆಯನ್ನು ಕಾಯುವಂಥದ್ದಲ್ಲ. ಧಾರವಾಡ ಸೀಮೆಯಲ್ಲಿ ಕಾರ್ಖಾನೆಗಳು ಕರಾವಳಿಯಷ್ಟು ಬೆಳೆಯಲಿಲ್ಲವಾದರೂ, ನೇಕಾರರ ಊರುಗಳಾದ ಬೆಟಗೇರಿ ಮತ್ತು 1851ರಲ್ಲಿ ಠಾಣೆಯಾದ ಗುಳೇದಗುಡ್ಡಗಳಲ್ಲಿ ಮಗ್ಗವನ್ನು ನಂಬಿದ ಕ್ರೈಸ್ತ ಕುಟುಂಬಗಳು ಬೇರೂರಿದವು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಎರೆ ಸೀಮೆ ತತ್ತರಿಸಿದಾಗ ತಬ್ಬಲಿ ಮಕ್ಕಳನ್ನು ಸಲಹುವುದು ಈ ಠಾಣೆಗಳ ಮುಖ್ಯ ಕೆಲಸವಾಯಿತು.

ಪಾದ್ರಿಗಳ ಶ್ರಮದ ಇನ್ನೊಂದು ಪಾಲು ಭಾಷೆಗೆ ಸಂದಿತು. ಹುಬ್ಬಳ್ಳಿ ಸೀಮೆಯಲ್ಲಿದ್ದ ವ್ಯುರ್ತ್ ಬಸವಪುರಾಣವನ್ನು ಇಂಗ್ಲಿಷಿಗೆ ತಂದು, ಹಳಗನ್ನಡದ ಆಯ್ದ ಭಾಗಗಳ ಪ್ರಾಕ್ಕಾವ್ಯ ಮಾಲಿಕೆಯನ್ನು ಸಂಪಾದಿಸಿದರು. 1853ರಲ್ಲಿ ಬಂದು ಧಾರವಾಡದಲ್ಲಿ ಕೆಲಸ ಆರಂಭಿಸಿದ ಕಿಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಹೊರತಂದರು. ನೇಗಿಲು, ಬಿತ್ತನೆ, ಕಣ, ಹಗೇವುಗಳ ಬದುಕನ್ನು ಈ ಜನ ಅರಿತದ್ದು ಬೇಸಾಯ ಮಾಡಿದ್ದಕ್ಕಿಂತ ಹೆಚ್ಚಾಗಿ ಬೇಸಾಯಗಾರರ ಮಾತನ್ನು ಆಲಿಸಿ ಬರೆದುಕೊಂಡದ್ದರಿಂದ.

1914 ಮತ್ತು ಅನಂತರ

ಮೊದಲ ಮಹಾಯುದ್ಧ ಈ ಬದುಕಿಗೆ ಹಠಾತ್ತನೆ ತೆರೆ ಎಳೆಯಿತು. ಶತ್ರುರಾಷ್ಟ್ರದ ಪ್ರಜೆಗಳೆಂಬ ಕಾರಣಕ್ಕೆ ಅನೇಕ ಜರ್ಮನ್ ಪಾದ್ರಿಗಳನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿ, ಬಳಿಕ ತಾಯ್ನಾಡಿಗೆ ಕಳಿಸಲಾಯಿತು. ಮಿಶನ್ನಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಯುದ್ಧಾನಂತರ ಕೆಲಸ ಮತ್ತೆ ಮುಂದುವರಿದರೂ ಹಳೆಯ ಪ್ರಮಾಣಕ್ಕೆ ಏರಲಿಲ್ಲ. ಸಭೆಗಳ ಹೊಣೆ ಕ್ರಮೇಣ ಸ್ಥಳೀಯ ಕ್ರೈಸ್ತರ ಕೈಗೆ ಬಂದು, ಮುಂದೆ ಅವು ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಧಾರವಾಡದ ಕಿಟೆಲ್ ಕಾಲೇಜು, ಮಿಶನ್ ಶಾಲೆಗಳು, ಬೆಟಗೇರಿಯಲ್ಲಿ ಜನ ಈಗಲೂ ಜರ್ಮನ್ ಆಸ್ಪತ್ರೆಯೆಂದೇ ಕರೆಯುವ ಆಸ್ಪತ್ರೆ ಆ ಪರಂಪರೆಯ ಉಳಿಕೆಗಳು.

ಅಧ್ಯಯನದ ಹಾದಿ

ಈ ವಿಷಯದ ಬರವಣಿಗೆ ಮೂರು ಹಂತಗಳಲ್ಲಿ ಸಾಗಿದೆ. ಮೊದಲನೆಯದು ಮಿಶನ್ನಿನದೇ ವಾರ್ಷಿಕ ವರದಿಗಳು ಮತ್ತು ಪಾದ್ರಿಗಳ ಜೀವನಚರಿತ್ರೆಗಳ ಹಂತ. ದಾನಿಗಳಿಗಾಗಿ ಬರೆದ ಇವುಗಳಲ್ಲಿ ಬೇಸಾಯಕ್ಕಿಂತ ಆತ್ಮಗಳ ಲೆಕ್ಕವೇ ಹೆಚ್ಚು. ಎರಡನೆಯದು ಭಾಷೆ ಮತ್ತು ಮುದ್ರಣಕ್ಕೆ ಒತ್ತು ಕೊಟ್ಟ ಹಂತ. ಹಾವನೂರ ಶ್ರೀನಿವಾಸ ಅವರ 'ಹೊಸಗನ್ನಡದ ಅರುಣೋದಯ' ಇದರಲ್ಲಿ ಮೈಲಿಗಲ್ಲು. ಮೂರನೆಯದು ಆರ್ಥಿಕ-ಸಾಮಾಜಿಕ ಹಂತ: 1978ರಲ್ಲಿ ರುಡಾಲ್ಫ್ ಫಿಶರ್ ಜರ್ಮನ್ ಭಾಷೆಯಲ್ಲಿ, 1990ರಲ್ಲಿ ಜಯಪ್ರಕಾಶ್ ರಾಘವಯ್ಯ ಇಂಗ್ಲಿಷಿನಲ್ಲಿ ಮಿಶನ್ ಉದ್ಯಮಗಳ ಚರಿತ್ರೆ ಬರೆದರು, ಗಾಡ್ವಿನ್ ಶಿರಿ ಮಿಶನ್ನಿನ ಪರಂಪರೆಯನ್ನು ಸಾಮಾಜಿಕ ದೃಷ್ಟಿಯಿಂದ ಪರಿಶೀಲಿಸಿದರು, ಆಲ್ಬ್ರೆಕ್ಟ್ ಫ್ರೆಂಜ್ ಆನಂದಪುರದ ಕಥೆಯನ್ನು ಮುಂದಿಟ್ಟರು. ಈ ಕೃತಿಗಳ ಗಮನ ಬಹುಪಾಲು ಕರಾವಳಿ, ಮಲಬಾರ್, ಕೊಡಗುಗಳ ಮೇಲಿದೆ; ಧಾರವಾಡದ ಎರೆ ಸೀಮೆಗೆ ಅವುಗಳಲ್ಲಿ ಸಂದ ಪುಟಗಳು ಕಡಿಮೆ.

ಆದ್ದರಿಂದ ಮುಂದಿನ ಕೆಲಸ ಧಾರವಾಡದಲ್ಲಿಯೇ ಆಗಬೇಕಾಗಿದೆ. ಬಾಸೆಲಿನ ಸಂಗ್ರಹದಲ್ಲಿರುವ ಪಾದ್ರಿಗಳ ಪತ್ರಗಳನ್ನು ಗದಗ ಸೀಮೆಯ ಮೋಜಣಿ ಮತ್ತು ಇನಾಂ ದಾಖಲೆಗಳೊಂದಿಗೆ, ಕಾಲಜ್ಞಾನ ಪಂಥಗಳ ಹಸ್ತಪ್ರತಿಗಳೊಂದಿಗೆ, ಬೆಟಗೇರಿ-ಹುಬ್ಬಳ್ಳಿಯ ಹಳೆಯ ಕ್ರೈಸ್ತ ಕುಟುಂಬಗಳ ನೆನಪುಗಳೊಂದಿಗೆ ಜೋಡಿಸಿ ಓದಿದಾಗ ಮಾತ್ರ ಈ ಚರಿತ್ರೆ ಪೂರ್ಣವಾಗುತ್ತದೆ. ಪಾದ್ರಿಗೆ ಮಲ್ಲಸಮುದ್ರ ಸೋತರೆ ಬೇರೆ ಠಾಣೆಯಿತ್ತು, ಹಿಂದಿರುಗಲು ಊರಿತ್ತು. ಅಲ್ಲಿಗೆ ಬಂದ ಕನ್ನಡ ಒಕ್ಕಲು ಕುಟುಂಬಕ್ಕೆ ಹಿಂದಿನ ಊರು ಮುಚ್ಚಿತ್ತು, ಮುಂದಿನ ಊರು ಇನ್ನೂ ಕಟ್ಟಬೇಕಾಗಿತ್ತು. ಹೊಸ ನೆಲೆಯ ಮೊದಲ ಒಕ್ಕಲು ಎಂಬ ಮಾತು ಈ ಸೀಮೆಯಲ್ಲಿ ಯಾರಿಗಾದರೂ ಸಲ್ಲುವುದಾದರೆ ಅದು ಮೊದಲು ಈ ಕುಟುಂಬಗಳಿಗೆ ಸಲ್ಲಬೇಕು. ಜರ್ಮನ್ ಪಾದ್ರಿಗಳ ಪಾಲು ಅದರ ಅನಂತರದ್ದು.